ಉಂಗುರ ವಾಪಸ್ ಬಂದದ್ದೇಕೆ?

ಪ್ರಶ್ನೆ: ಮೇಡಂ, ನಾನು ಹಾಸನದವಳು. ಗಂಡನ ಕೆಲಸದಿಂದಾಗಿ ನಾಲ್ಕು ವರ್ಷದಿಂದ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದೇವೆ. ಕಳೆದ ವರ್ಷ ಮಗಳು ಹುಟ್ಟಿದಳು. ಅಪ್ಪನಿಗೆ ಪಾರ್ಶ್ವವಾಯು ಆಗಿ, ಅಮ್ಮ ಬಾಣಂತನಕ್ಕೆ ಬರಲಾಗಲಿಲ್ಲ. ಇಲ್ಲಿ ವಿಮೆಯ ಖರ್ಚಿನಲ್ಲೇ ಸೂಲಗಿತ್ತಿ 12 ವಾರದವರೆಗೆ ಮನೆಗೆ ಬರುತ್ತಾರೆ. ಮಗುವಿನ ತೂಕ, ಹೊಕ್ಕುಳು, ನನ್ನ ಹೊಲಿಗೆ ಎಲ್ಲ ನೋಡಿ ಹೋಗುತ್ತಿದ್ದರು. ಆದರೆ ಹಗಲು ಹೊತ್ತು ಮಾತ್ರ. ಒಂದು ರಾತ್ರಿ ಎರಡು ಗಂಟೆಗೆ ಮಗು ಒಂದೇ ಸಮನೆ ಅಳುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಮೇಲಿನ ಮಹಡಿಯ ಟರ್ಕಿ ಮೂಲದ ಹೆಂಗಸು. ನಿದ್ದೆ ಕೆಟ್ಟು ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರು ಮಗುವನ್ನು ಎತ್ತಿಕೊಂಡು, ‘ನೀನು ಮಲಗು’ ಅಂದರು.

ಅಲ್ಲಿಂದ ಮುಂದೆ ದಿನಾ ಬಂದರು. ಬಿಸಿ ಸೂಪು, ಚಕ್ಕೆ ಲವಂಗ ಹಾಕಿದ ಕೆಂಪು ಶರಬತ್ತು ತಂದರು. ಅವರಲ್ಲೂ ಬಾಣಂತಿಗೆ ನಲವತ್ತು ದಿನವಂತೆ. ಅವರ ತಾಯಿ 1971ರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಇಲ್ಲಿಗೆ ಬಂದವರು. ಇವರನ್ನು ಹೆತ್ತಾಗ ಹತ್ತಿರದವರು ಯಾರೂ ಇರಲಿಲ್ಲವಂತೆ. ನಾನು ಅವರನ್ನು ‘ಅಬ್ಲಾ’ ಅಂತ ಕರೆಯುತ್ತೇನೆ, ಅವರ ಭಾಷೆಯಲ್ಲಿ ಅಕ್ಕ.

ಬರುವ ಮಾರ್ಚ್‌ಗೆ ನಾವು ಬೆಂಗಳೂರಿಗೆ ವಾಪಸ್. ಅದನ್ನು ಹೇಳಲು ಹೋದ ದಿನವೇ ಒಂದು ಚಿನ್ನದ ಉಂಗುರ ತೆಗೆದುಕೊಂಡು ಹೋದೆ. ಡಬ್ಬಿ ತೆರೆದು ನೋಡಿದರು, ಮುಚ್ಚಿ ನನ್ನ ಕೈಗೇ ಇಟ್ಟರು. ಮೂರು ವಾರವಾಯಿತು, ಕೆಳಗೆ ಬಂದಿಲ್ಲ. ನಾನೇನು ತಪ್ಪು ಮಾಡಿದೆ? ಅವರ ಋಣ ಹೇಗೆ ತೀರಿಸಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ‘ಹೇಳಲು ಹೋದ ದಿನವೇ’ ಅನ್ನುವಲ್ಲಿ ನಿಂತೆ. ಉಂಗುರ ಕೊಡಬಾರದಿತ್ತು ಎಂದಲ್ಲ. ಮಗುವಿಗೆ ಹೆಸರಿಟ್ಟ ದಿನ ಕೊಟ್ಟಿದ್ದರೆ ಅಲ್ಲೇ ಬೆರಳಿಗೆ ಹಾಕಿಕೊಳ್ಳುತ್ತಿದ್ದರೇನೋ. ಹೊರಡುವ ಸುದ್ದಿಯೂ ಚಿನ್ನವೂ ಒಟ್ಟಿಗೆ ಬಂದಾಗ, ಮನೆ ಖಾಲಿ ಮಾಡುವವರು ಬಾಕಿ ಚುಕ್ತಾ ಮಾಡಿದ ಹಾಗೆ ಕಂಡಿರಬೇಕು.

ಅವರ ತಾಯಿಯ ಕಾಲವನ್ನೂ ನೆನೆಯಿರಿ. ಪಶ್ಚಿಮ ಜರ್ಮನಿ 1961ರ ಅಕ್ಟೋಬರ್ 30ರಂದು ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ದುಡಿಯುವ ಕೈಗಳನ್ನು ಕರೆಸಿಕೊಂಡಿತು, 1973ರಲ್ಲಿ ಕರೆಸುವುದನ್ನು ನಿಲ್ಲಿಸಿತು. ಬಂದವರಿಗೆ ಇಟ್ಟ ಹೆಸರು ‘ಅತಿಥಿ ಕೆಲಸಗಾರರು’. ದುಡಿದು, ಕೂಲಿ ಪಡೆದು, ಹೊರಟುಹೋಗಬೇಕಾದವರು ಎಂದರ್ಥ. ಅಂಥ ಮನೆಯಲ್ಲಿ ಬೆಳೆದವರಿಗೆ ದುಡ್ಡು ಕೊಟ್ಟು ಮುಗಿಸುವುದು ಎಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅವರು ಮಾಡಿದ್ದನ್ನೆಲ್ಲ ಬರೆದಿದ್ದೀರಿ. ನೀವು ಹೊರಟ ಮೇಲೆ ಅವರ ದಿನಗಳು ಹೇಗಿರುತ್ತವೆ ಎಂದು ಒಂದು ಸಾಲೂ ಇಲ್ಲ. ಎತ್ತಿ ಆಡಿಸಿದ ಮಗು ದೂರವಾಗುತ್ತಿದೆ. ಕೆಳಗೆ ಬಾರದಿರುವುದು ಸಿಟ್ಟಿನಿಂದಲ್ಲ, ಸಂಕಟದಿಂದ ಎಂದೇ ನನಗನಿಸುತ್ತದೆ.

ಋಣ ತೀರಿತು ಎಂದರೆ ನಮ್ಮ ಮಾತಿನಲ್ಲಿ ನಂಟು ಮುಗಿಯಿತು ಎಂದೇ ಅರ್ಥ. ನಿಮಗೆ ಅದು ಬೇಕಿಲ್ಲ ತಾನೆ? ಹಾಗಾದರೆ ನಾಳೆಯೇ ಮಗಳನ್ನು ಎತ್ತಿಕೊಂಡು ಮೇಲೆ ಹೋಗಿ. ಅವರ ಪಾತ್ರೆ ಒಂದಾದರೂ ನಿಮ್ಮಲ್ಲಿ ಉಳಿದಿರುತ್ತದೆ, ಅದರಲ್ಲಿ ಏನಾದರೂ ಸಿಹಿ ಹಾಕಿಕೊಳ್ಳಿ. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದ ಪದ್ಧತಿ ಅವರಲ್ಲೂ ಇದೆ. ಆ ರಾತ್ರಿ ಬಾಗಿಲು ತೆರೆದಾಗ ಹೆದರಿದ್ದು, ಆಮೇಲೆ ಎಷ್ಟೋ ದಿನದ ಮೇಲೆ ನಿದ್ದೆ ಬಂದದ್ದು, ಎಲ್ಲ ಹೇಳಿ. ಜರ್ಮನ್ ತಪ್ಪಿದರೂ ಚಿಂತೆಯಿಲ್ಲ. ಆ ಕೆಂಪು ಶರಬತ್ತು ಮಾಡುವುದನ್ನು ಕಲಿಸಿಕೊಡಿ ಎಂದು ಕೇಳಿ. ನಿಮ್ಮಮ್ಮನನ್ನು ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿ. ತನ್ನ ಜಾಗದಲ್ಲಿ ನಿಂತವರನ್ನು ನೋಡಬೇಕೆಂಬ ಆಸೆ ಅವರಿಗೂ ಇರುತ್ತದೆ. ಮಗಳಿಗೆ ‘ತೇಯ್ಜೆ’ ಎನ್ನಲು ಕಲಿಸಿ. ತಾಯಿಯ ಅಕ್ಕತಂಗಿಯರನ್ನು ಅವರು ಹಾಗೆ ಕರೆಯುತ್ತಾರೆ. ಉಂಗುರ ಬೀರುವಿನಲ್ಲಿರಲಿ. ಎಂದಾದರೂ ಅವರು ಹಾಸನಕ್ಕೆ ಬಂದರೆ ನಿಮ್ಮಮ್ಮ ಕೈಯಾರೆ ತೊಡಿಸಲಿ.

ಹೊರಡುವ ದಿನಕ್ಕೆ ಅವರ ಭಾಷೆಯ ಒಂದು ಮಾತನ್ನು ಈಗಿನಿಂದಲೇ ಬಾಯಿಪಾಠ ಮಾಡಿಕೊಳ್ಳಿ: ‘ಹಕ್ಕಿನಿ ಹೆಲಾಲ್ ಎತ್’. ನನ್ನ ಮೇಲೆ ನಿನಗಿರುವ ಹಕ್ಕನ್ನು ಮನಸಾರೆ ಬಿಟ್ಟುಕೊಡು ಎಂದು ಅಗಲುವ ಹೊತ್ತಿಗೆ ಕೇಳುವ ಮಾತು ಅದು. ನಮ್ಮ ‘ಹಕ್ಕು’ ಕೂಡ ಅದೇ ಅರಬ್ಬಿ ಮೂಲದ್ದು. ತೀರಿಸಲಾಗದ್ದನ್ನು ತೀರಿಸಲಾರೆ ಎಂದು ಒಪ್ಪಿಕೊಂಡು ಕೇಳುವುದು. ‘ಹೆಲಾಲ್ ಓಲ್ಸುನ್’ ಎಂದು ಅವರು ಉತ್ತರ ಕೊಡುತ್ತಾರೆ.

ಕಾರು ಹೊರಟಾಗ ಅವರು ಹಿಂದಿನಿಂದ ನೀರು ಚೆಲ್ಲಬಹುದು, ಗಾಬರಿಯಾಗಬೇಡಿ. ನೀರಿನಂತೆ ಹೋಗಿ, ನೀರಿನಂತೆ ಮರಳಿ ಬನ್ನಿ ಎಂದು ಹಾರೈಸುವ ಕ್ರಮವದು. ಮಗಳಿಗೂ ತೋರಿಸಿ.