ಬಿಟ್ಟಿ ಗೇಮ್ ಹಾಕಿಕೊಡುವ ಮುನ್ನ

ರಜೆ ಶುರುವಾದರೆ ನಂಜನಗೂಡು, ತಿ. ನರಸೀಪುರದ ಪೋಷಕರು ಕೇಳುವುದು ಇದನ್ನೇ: ‘ಮಗ ಗೆನ್‌ಶಿನ್ ಇಂಪ್ಯಾಕ್ಟ್ ಅಂತ ಗೇಮ್ ಬೇಕಂತಾನೆ, ಹಾಕಿಕೊಡಬಹುದಾ?’

ನಂಜುಂಡೇಶ್ವರನ ದೊಡ್ಡಜಾತ್ರೆಗೆ ಹೋದವರೆಲ್ಲ ತೇರಿನ ಹಗ್ಗವನ್ನೇ ಹಿಡಿಯುವುದಿಲ್ಲ. ಕೆಲವರು ಕಪಿಲೆಯಲ್ಲಿ ಮುಳುಗು ಹಾಕುತ್ತಾರೆ, ಕೆಲವರು ಅಂಗಡಿ ಸಾಲು ಸುತ್ತುತ್ತಾರೆ. ಗೆನ್‌ಶಿನ್‌ನಂಥ ಓಪನ್ ವರ್ಲ್ಡ್ ಆಟವೂ ಹಾಗೇ. ಕಥೆಯೊಂದಿರುತ್ತದೆ, ಆದರೆ ಮಗು ಅದನ್ನು ಬಿಟ್ಟು ಬೆಟ್ಟ ಹತ್ತಬಹುದು, ಒಗಟು ಬಿಡಿಸಬಹುದು, ಸುಮ್ಮನೆ ಅಲೆಯಬಹುದು. ಈ ಅಲೆದಾಟದಲ್ಲಿ ಕಲಿಕೆಯಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಮೊದಲು ವಯಸ್ಸಿನ ರೇಟಿಂಗ್ ನೋಡಿ. 2015ರ ‘ದಿ ವಿಚರ್ 3’ಕ್ಕೆ ಯುರೋಪಿನಲ್ಲಿ 18, 2017ರ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ಗೆ 12. ಎರಡರಲ್ಲೂ ಕತ್ತಿ, ರಾಕ್ಷಸರೇ. ಚಿತ್ರ ನೋಡಿ ವ್ಯತ್ಯಾಸ ತಿಳಿಯದು.

ಆಮೇಲೆ ದುಡ್ಡು. ಇವೆರಡನ್ನೂ ಒಮ್ಮೆ ಕೊಂಡರೆ ಕಥೆ ಮುಗಿಯುವವರೆಗೆ ಆಡಬಹುದು. ಆದರೆ ಅದಕ್ಕೆ ಕಂಪ್ಯೂಟರೋ ಕನ್ಸೋಲೋ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಇರುವುದು ಅಪ್ಪನದೋ ಅಮ್ಮನದೋ ಒಂದು ಫೋನ್. ಹಾಗಾಗಿ ಮನೆಗೆ ಬರುವುದು ಬಿಟ್ಟಿ ಆಟ. ಜಾತ್ರೆಗೂ ಟಿಕೆಟ್ ಇಲ್ಲ, ಜೇಬು ಖಾಲಿಯಾಗುವುದು ಅಂಗಡಿಗಳ ಮುಂದೆ. ಗೆನ್‌ಶಿನ್‌ನಲ್ಲಿ ಹೊಸ ಪಾತ್ರ ಬೇಕೆಂದರೆ ಲಾಟರಿಯಂತೆ ಅದೃಷ್ಟ ನೋಡಬೇಕು. ಐದು ನಕ್ಷತ್ರದ ಪಾತ್ರ ಸಿಗುವ ಸಾಧ್ಯತೆ ಸಲಕ್ಕೆ ಶೇ 0.6. 90 ಸಲದೊಳಗೆ ಒಂದು ಖಚಿತ, ಅದು ಮಗು ಬಯಸಿದ್ದೇ ಆಗಬೇಕೆಂದಿಲ್ಲ. ಪೋಷಕರ ಒಪ್ಪಿಗೆಯಿಲ್ಲದೆ 16ರೊಳಗಿನವರಿಗೆ ಈ ಲಾಟರಿಯನ್ನು ಮಾರುವುದಿಲ್ಲವೆಂದು ಕಂಪನಿ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡು, 2 ಕೋಟಿ ಡಾಲರ್ ದಂಡ ತೆತ್ತಿತು. ಇಲ್ಲಿ ಆ ಕಾವಲು ನೀವೇ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ, ಕಾರ್ಡನ್ನು ಪ್ಲೇ ಸ್ಟೋರ್‌ಗೆ ಜೋಡಿಸಬೇಡಿ. ಇಷ್ಟು ಭದ್ರವಾಗಿದ್ದರೆ ಹದಿಮೂರರ ಹುಡುಗನಿಗೆ ಹಾಕಿಕೊಡಿ ಎನ್ನುತ್ತೇನೆ.

ಇನ್ನು ಹೊತ್ತು. ನರಸೀಪುರದ ತಾಯಿಯೊಬ್ಬರ ದೂರು: ‘ಊಟಕ್ಕೆ ಬಾ ಅಂದ್ರೆ ಐದು ನಿಮಿಷ ಅಂತಾನೆ, ಫೋನ್ ಕಿತ್ಕೊಂಡ್ರೆ ಅಳ್ತಾನೆ.’ ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ ಎಂದೆ. ಚಾಪೆ ಮೇಲೆ ಕೂತು ನೋಡಿದರು. ಕಾಳಗದ ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ ಆಡಬೇಕು ಎಂಬುದು ಆಗ ತಿಳಿಯಿತು. ಮರುದಿನ ‘ಆಫ್ ಮಾಡು’ ಅನ್ನಲಿಲ್ಲ, ‘ಇದು ಎಲ್ಲಿಗೆ ಮುಗಿಯುತ್ತೆ ಮಗ?’ ಅಂದರು. ‘ಈ ರಾಕ್ಷಸ ಸತ್ರೆ ಆಯ್ತಮ್ಮ.’ ಸಾರು ಬಿಸಿಯಾಗುವಷ್ಟರಲ್ಲಿ ಬಂದು ತಟ್ಟೆ ಮುಂದೆ ಕೂತ.

ಗೇಮಿಂಗ್ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಗಂಟೆಗಳಿಂದ ಅಳೆಯುವುದಿಲ್ಲ. ಹಿಡಿತ ತಪ್ಪಿದೆಯೇ, ಓದು-ನಿದ್ದೆ-ಗೆಳೆಯರಿಗಿಂತ ಆಟವೇ ಮುಂದಾಗಿದೆಯೇ, ಕೆಡುಕಾಗುತ್ತಿದ್ದರೂ ನಿಲ್ಲುತ್ತಿಲ್ಲವೇ ಎಂದು ನೋಡುತ್ತದೆ. ಸಾಮಾನ್ಯವಾಗಿ 12 ತಿಂಗಳ ಲೆಕ್ಕ. ಹಾಗನ್ನಿಸಿದರೆ ವರ್ಷ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ.