ಮೈಲುತುತ್ತಿನ ಚೀಲ ಇಟ್ಟ ಜಾಗ

ಮೇ ತಿಂಗಳ ಕೊನೆಗೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದವರಿಗೆಲ್ಲ ಒಂದೇ ಗಡಿಬಿಡಿ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಟ್ಟಾಗಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ನೋಡಲು ಮಸೆದ ಕತ್ತಿಯೊಂದನ್ನು ಅದರಲ್ಲಿ ಅದ್ದುತ್ತೇವೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು: ಕಬ್ಬಿಣ ಕರಗಿ ಆ ಜಾಗದಲ್ಲಿ ಮೈಲುತುತ್ತಿನ ತಾಮ್ರ ಕೂತಿದೆ ಎಂದರ್ಥ.

ಅದೇ ಮೈಲುತುತ್ತಿನ ಚೀಲವನ್ನು ನಾನು ವರ್ಷಗಟ್ಟಲೆ ಕಾರಿನ ಡಿಕ್ಕಿಯಲ್ಲಿ ಪೇಟೆಯಿಂದ ತಂದಿದ್ದೇನೆ. ಚೀಲದಿಂದ ಉದುರಿದ ಹುಡಿ, ಒದ್ದೆ ಕೊಡೆಯ ನೀರು ಎರಡೂ ಸೇರಿದ ಮೇಲೆ ಕೇಳಬೇಕೆ? ಹಿಂದಿನ ಕಾರಿನಲ್ಲಿ ಡಿಕ್ಕಿಯ ಅಂಚಿಗೆ ಮೊದಲು ಬಂದದ್ದು ನಾಣ್ಯದಷ್ಟಗಲದ ಕಂದು ಕಲೆ. ಬಣ್ಣ ಸಣ್ಣಗೆ ಉಬ್ಬಿತ್ತು. ಹಳೆಯ ಕಾರಿಗೆ ಯಾಕೆ ಖರ್ಚು ಎಂದು ಬಿಟ್ಟೆ. ಎರಡು ಮಳೆಗಾಲ ಕಳೆದಾಗ ಬೆರಳೊತ್ತಿದರೆ ತಗಡು ಒಳಗೆ ಹೋಗುತ್ತಿತ್ತು. ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಪುಟ್ಟಿ ಹಾಕಿ, ಬಣ್ಣ ಹೊಡೆಯಲು ಟಿಂಕರಿಂಗಿಗೆ ಕೊಟ್ಟದ್ದು 9,500 ರೂಪಾಯಿ. ಮಾರುವಾಗ ಆ ವೆಲ್ಡಿಂಗ್ ಗುರುತು ನೋಡಿ ಬೆಲೆಯನ್ನೂ ಇಳಿಸಿದರು.

ವಿಮೆಯ ಮೇಲೆ ಆಸೆ ಇಡಬೇಡಿ. ತುಕ್ಕು ಸವೆತದ ಲೆಕ್ಕಕ್ಕೆ ಹೋಗುತ್ತದೆ, ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಹಣ ಬರುವುದಿಲ್ಲ. ಅಪಘಾತವಾದರೂ, 10 ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಅರ್ಧ ಬೆಲೆ ಸವಕಳಿಯೆಂದು ಕಳೆಯುತ್ತಾರೆ.

ಈಗಿನ ಕಾರು 2012ರದ್ದು, ಕೆಎ 21. ಕಳೆದ ಜನವರಿಯಲ್ಲಿ ಅದರ ಮುಂದಿನ ಬಾಗಿಲಿನ ಕೆಳಗೆ ಮೂರು ಕಲೆ ಕಂಡವು. ಈ ಸಲ ಕಾಯಲಿಲ್ಲ. ಎಮರಿ ಪೇಪರ್, ಟೇಪು, ತಿನ್ನರ್, ಪ್ರೈಮರ್ ಡಬ್ಬಿ, ಕಾರಿನ ಬಣ್ಣದ ಸ್ಪ್ರೇ ಎಲ್ಲ ಸೇರಿ 1,150 ರೂಪಾಯಿ.

ಕೂತು ಉಜ್ಜಿದಾಗಲೇ ತುಕ್ಕಿನ ನಿಜವಾದ ಅಳತೆ ಗೊತ್ತಾದದ್ದು. ನಾಣ್ಯದಷ್ಟಿದ್ದ ಕಲೆಯ ಸುತ್ತ ಬಣ್ಣ ಸಿಪ್ಪೆಯಂತೆ ಎದ್ದು ಬಂತು, ಅದರಡಿಯಲ್ಲಿ ಕಂದು ಬೇರುಗಳು ಅಂಗೈಯಗಲ ಹರಡಿದ್ದವು. ತಗಡು ಬೆಳ್ಳಗೆ ಹೊಳೆಯುವವರೆಗೆ 120 ನಂಬರಿನ ಪೇಪರ್, ಆಮೇಲೆ ಅಂಚು ನಯವಾಗಲು 320. ಚುಕ್ಕಿಯಷ್ಟು ಕಂದು ಉಳಿದರೂ ಅದು ಪ್ರೈಮರಿನಡಿಯಲ್ಲಿ ಮತ್ತೆ ಹಬ್ಬುತ್ತದೆ. ತಿನ್ನರಿನಲ್ಲಿ ಒರೆಸಿ, ಅದೇ ಗಂಟೆಯಲ್ಲಿ ಪ್ರೈಮರ್ ಹೊಡೆದೆ. ನಮ್ಮೂರಿನ ಹವೆಯಲ್ಲಿ ಬರಿ ತಗಡನ್ನು ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪು. ಪ್ರೈಮರ್ ತೆಳುವಾಗಿ ಎರಡು ಸಲ, ಬಣ್ಣ ಮೂರು ಸಲ, ನಡುವೆ ಒಣಗಲು ಬಿಟ್ಟು. ಬಿಸಿಲಿಗೆ ಹಿಡಿದು ನೋಡಿದರೆ ಬಣ್ಣ ಒಂದು ಛಾಯೆ ಬೇರೆ ಕಾಣುತ್ತದೆ. ನನಗೆ ಅದರಿಂದ ಏನೂ ಬೇಸರವಿಲ್ಲ.

ಕೆಲಸ ಮಾಡುವಾಗಲೇ ಕಾರಣವೂ ಸಿಕ್ಕಿತು. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳು ಕೆಂಪು ಮಣ್ಣಿನಿಂದ ಮುಚ್ಚಿಹೋಗಿ ಒಳಗೆ ನೀರು ನಿಂತಿತ್ತು. ಒಂದು ತೆಂಗಿನ ಕಡ್ಡಿ ಸಾಕಾಯಿತು. ಮಡ್‌ಗಾರ್ಡಿನ ಒಳಗೆ ಮೆತ್ತಿದ ಮಣ್ಣೂ ಹಾಗೆಯೇ, ವಾರಗಟ್ಟಲೆ ಒದ್ದೆ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಕಾರಿಗೆ ಟರ್ಪಾಲು ಬಿಗಿದು ಸುತ್ತುವವರಿಗೂ ಒಂದು ಮಾತು: ಒಳಗಿನ ತೇವ ಹೊರಗೆ ಹೋಗದೆ ತುಕ್ಕು ಹೆಚ್ಚುತ್ತದೆ. ಮೇಲೆ ಶೀಟು, ನಾಲ್ಕೂ ಕಡೆ ಗಾಳಿ ಇದ್ದರೆ ಒಳ್ಳೆಯದು.

ಎಲ್ಲ ತುಕ್ಕಿಗೂ ಹಣ ಸುರಿಯಬೇಕೆಂದು ನಾನು ಹೇಳುವುದಿಲ್ಲ. ಚಾಸಿ, ಸಸ್ಪೆನ್ಷನ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿ ಒಳಗೆ ಇಳಿದರೆ ಅದು ಜೀವದ ಪ್ರಶ್ನೆ. ಸ್ಪ್ರೇ ಡಬ್ಬಿ ಬದಿಗಿಟ್ಟು ಕಾರನ್ನು ಮೇಲೆತ್ತಿಸಿ ಮೆಕ್ಯಾನಿಕ್‌ಗೆ ತೋರಿಸಿ. ಹಳೆಯ ಕಾರಿಗೆ ಪೂರ್ತಿ ಹೊಸ ಬಣ್ಣ ಹೊಡೆಸುವುದೂ ನನ್ನ ಲೆಕ್ಕದಲ್ಲಿ ದಂಡ, ಮಾರುವಾಗ ಆ ಹಣ ಹಿಂದೆ ಬರುವುದಿಲ್ಲ.

2027ಕ್ಕೆ ನನ್ನ ಕಾರಿಗೆ 15 ವರ್ಷ, ಆಗ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ತಪಾಸಣೆಯೂ ಇದೆ. ಅದಕ್ಕೆಂದು ತಿಂಗಳಿಗೆ 500 ರೂಪಾಯಿ ಬೇರೆ ಇಡುತ್ತಿದ್ದೇನೆ. ಮೈಲುತುತ್ತು ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಕೆಟಿನಲ್ಲಿ ಬರುತ್ತದೆ, ಕೆಳಗೊಂದು ರಬ್ಬರ್ ಶೀಟ್. ಮನೆ ಮುಟ್ಟಿದ ಕೂಡಲೇ ಬಕೆಟ್ ಇಳಿಸಿ, ಡಿಕ್ಕಿ ತೊಳೆದು, ಒಣಗುವವರೆಗೆ ತೆರೆದಿಡುತ್ತೇನೆ.