ತಾಲ್ಲೂಕಿನ ಶಾಲೆಗಳ ಹೊಣೆ ಹೊತ್ತವರಿಗೆ

ಕ್ಷೇತ್ರ ಶಿಕ್ಷಣಾಧಿಕಾರಿಯಾಗಿ ಹೊಸದಾಗಿ ಬಂದಿದ್ದೀರಿ, ಸಂತೋಷ. ಕಚೇರಿಯ ಕಪಾಟಿನಲ್ಲಿ 2020, 2021ರ ಕಡತಗಳಿವೆಯಲ್ಲ, ಅವನ್ನೊಮ್ಮೆ ಬಿಚ್ಚಿ ಓದಿ. ಕೊರೊನಾ ಮುಗಿದ ಕಥೆ ಎಂದು ಅವನ್ನು ಕಟ್ಟಿಟ್ಟುಬಿಟ್ಟಿದ್ದಾರೆ, ಅದು ಸರಿಯಲ್ಲ. ಶಾಲೆ ಮತ್ತೆ ಮುಚ್ಚುವ ಕಾಲ ಬಂದೀತು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ನಮಗೆ ಬೇಡ.

ಮೊದಲು ಮಕ್ಕಳ ಪಟ್ಟಿ ಸರಿಮಾಡಿಸಿ. ದಾಖಲಾತಿಯ ದಿನ ಬರೆಸಿದ ಫೋನ್ ನಂಬರನ್ನೇ ನಂಬಿ ಕೂರಬೇಡಿ. ಗುಳೆ ಹೋಗುವವರ ನಂಬರ್ ಬದಲಾಗುತ್ತಲೇ ಇರುತ್ತದೆ. ಯಾವ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅದು ಹಗಲಲ್ಲಿ ಮಗುವಿನ ಕೈಗೆ ಸಿಗುತ್ತದೆಯೇ, ಯಾವ ಮನೆಯಲ್ಲಿ ಟಿವಿಯೂ ಇಲ್ಲ ಎನ್ನುವುದು ಮುಖ್ಯಶಿಕ್ಷಕರಿಗೆ ಗೊತ್ತಿರಬೇಕು. ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ ಬಂತು, ಮೊಬೈಲಿನಲ್ಲೂ ಬಂತು. ಯಾರಿಗೆ ತಲುಪಲಿಲ್ಲ ಎಂದು ಕೇಳಿದವರು ಮಾತ್ರ ಕಡಿಮೆ. ನೀವು ಆ ಪ್ರಶ್ನೆಯಿಂದಲೇ ಶುರುಮಾಡಿ.

ಸುತ್ತೋಲೆಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುವ ಅಭ್ಯಾಸ ಬಿಡಿ. ಬೆಳಿಗ್ಗೆ ಒಂದು ಆದೇಶ, ಸಂಜೆ ಇನ್ನೊಂದು ಹೊರಟರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳೂ (ಸಿಆರ್‌ಪಿ) ಗೊಂದಲಕ್ಕೆ ಬೀಳುತ್ತಾರೆ. ಮೇಲಿನಿಂದ ಬಂದದ್ದನ್ನು ನಿಧಾನವಾಗಿ ಓದಿ, ನಿಮ್ಮ ತಾಲ್ಲೂಕಿಗೆ ಏನು ಅನ್ವಯ ಎಂದು ನಾಲ್ಕು ಸಾಲಿನಲ್ಲಿ ಬರೆದು, ಆಮೇಲೆ ಕಳಿಸಿ. ಆತುರಗಾರನಿಗೆ ಬುದ್ಧಿ ಮಟ್ಟ.

ಶಿಕ್ಷಕರ ವಿಷಯದಲ್ಲಿ ಮಾತ್ರ ನನ್ನ ಮಾತನ್ನು ಗಮನವಿಟ್ಟು ಕೇಳಿಸಿಕೊಳ್ಳಿ. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಕಾರ್ಯಕ್ರಮ ಶುರುವಾದಾಗ ಮೇಷ್ಟ್ರುಗಳು, ಮೇಡಂಗಳು ಮರದ ನೆರಳಲ್ಲಿ, ಗುಡಿಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಮಕ್ಕಳಿದ್ದಲ್ಲಿಗೇ ಶಾಲೆ ಹೋಗುವ ಒಳ್ಳೆಯ ಯೋಚನೆ ಅದು. ಆದರೆ ಶಿಕ್ಷಕರು ಸೋಂಕಿಗೆ ಬಲಿಯಾದ ಸುದ್ದಿಗಳು ಬಂದು, ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದ್ದರಿಂದ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಗರ್ಭಿಣಿ, ಯಾರ ನಿವೃತ್ತಿ ಹತ್ತಿರವಿದೆ ಎಂದು ತಿಳಿದೇ ಕೆಲಸ ಹಂಚಿ. ಅವರಿಗೆ ಫೋನಿನಲ್ಲಿ ಮಾಡುವ ಕೆಲಸ ಕೊಡಿ. ಮಾಸ್ಕ್, ಸಾಬೂನು ಸ್ವಂತ ಖರ್ಚಿನಲ್ಲಿ ತಂದುಕೊಳ್ಳಲಿ ಎನ್ನಬೇಡಿ. ಯಾರಾದರೂ ಹುಷಾರು ತಪ್ಪಿದರೆ ವರದಿ ಕೇಳುವ ಮೊದಲು ಅವರ ಯೋಗಕ್ಷೇಮ ಕೇಳಿ.

ಅದೇ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ನಿಂದ ಮುಂದೆ ಹೋಗಿ, ಜೂನ್ 25ಕ್ಕೆ ಶುರುವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಪರೀಕ್ಷೆ! ಕೊಠಡಿಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ, ಬಾಗಿಲಲ್ಲೇ ಜ್ವರ ನೋಡಿ, ಆರೋಗ್ಯ, ಪೊಲೀಸ್, ಸಾರಿಗೆ ಇಲಾಖೆಗಳೆಲ್ಲ ಕೈಜೋಡಿಸಿದ್ದರಿಂದ ನಡೆಯಿತು. ನಿಮ್ಮ ತಾಲ್ಲೂಕು ಆರೋಗ್ಯಾಧಿಕಾರಿಯ ಪರಿಚಯ ಮಾಡಿಕೊಂಡಿದ್ದೀರಾ? ಇಲ್ಲವಾದರೆ ನಾಳೆಯೇ ಹೋಗಿ ಬನ್ನಿ.

ಊಟದ ಮಾತು ಮರೆಯಬೇಡಿ. ಬಿಸಿಯೂಟ ನಿಂತಾಗ ಅಕ್ಕಿ, ಬೇಳೆ ಮನೆಗೆ ಹೋಗಬೇಕು. ಒಂದರಿಂದ ಐದನೇ ತರಗತಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯದ ಲೆಕ್ಕ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ನಿಮ್ಮ ತಾಲ್ಲೂಕಿನಲ್ಲಿ ಬರಬಾರದು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರ ಎದುರಿಗೇ ತೂಗಿಸಿ ಕೊಡಿಸಿ.

ಶಾಲೆ ತೆರೆದ ಮೇಲೆ ಪಠ್ಯ ಮುಗಿಸುವ ಅವಸರ ಬೇಡ. 2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗುವಿಗೆ ತರಗತಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಅದೂ ಎರಡನೇ ತರಗತಿಯಲ್ಲಿ. ಆ ಮಗುವಿಗೆ ಅಕ್ಷರ ಬರಲಿಲ್ಲ ಎಂದು ಶಿಕ್ಷಕರ ಮೇಲೆ ಹರಿಹಾಯಬೇಡಿ. 2022ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ತಂದದ್ದೇ ಮಕ್ಕಳು ಹಿಂದೆ ತಪ್ಪಿದ್ದನ್ನು ಹಿಡಿದುಕೊಂಡು ಮುಂದೆ ಹೋಗಲಿ ಎಂದು. ತಾಳಿದವನು ಬಾಳಿಯಾನು, ಮಕ್ಕಳಿಗೂ ಕಾಲ ಕೊಡಿ.

ತೆರೆದ ಮೊದಲ ವಾರವೇ ಹಾಜರಿ ಪುಸ್ತಕ ತರಿಸಿ ನೋಡಿ. ಬಾರದ ಹುಡುಗ ಕೂಲಿಗೆ ಹೋಗಿರಬಹುದು, ಬಾರದ ಹುಡುಗಿಗೆ ಮದುವೆ ಗೊತ್ತುಮಾಡಿರಬಹುದು. ನೋಟಿಸು ಕಳಿಸಿ ಸುಮ್ಮನಾಗದೆ, ಮುಖ್ಯಶಿಕ್ಷಕರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು ನೀವೇ ಆ ಮನೆಗೆ ಹೋಗಿ ಕೂತು ಮಾತಾಡಿ. ಮನೆಯವರು ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಲ್ಲಿಂದಲೇ ಫೋನ್ ಮಾಡಿ.